ಬೇಳೆ, ಬೆಲೆ, ಬೆಳೆ



ಎರಡು ವರ್ಷದ ಹಿಂದಿನ ಮಾತು. ಯಾದಗಿರಿಯ ದಾಲ್‌ಮಿಲ್ಲೊಂದರ ಸಾಹುಕಾರರು ಒಂದು ಬೆಳಿಗ್ಗೆ ನನಗೆ ಫೋನು ಮಾಡಿ, "ಏನ್ರೀ ಸರ್, ನೀವು ಹಾಕಿದ ಜಾಹೀರಾತಿಗೆ ಫೋನೇನೋ ಒಂದೇ ಸವನೆ ಬರ್ಲಿಕತ್ತಾವ. ಆದ್ರ ಬ್ಯಾಳಿ ಕೇಳೋರು ಒಬ್ಬರೂ ಇಲ್ರೀ!" ಎಂದರು. ಮೊಬೈಲಿನಲ್ಲಿ ತೊಗರಿಬೇಳೆಯನ್ನು ಹುಡುಕುವವರ ಕಣ್ಣಿಗೆ ಈ ಮಿಲ್ಲಿನ ಹೆಸರು ಮೊದಲು ಬೀಳಲೆಂದು ಗೂಗಲ್ಲಿನಲ್ಲಿ ಜಾಹೀರಾತು ಹಾಕಿಕೊಟ್ಟವನು ನಾನೆ. ಅದಕ್ಕೆ ಕೊಟ್ಟ ಹಣ ಅವರದು. ಬಂದ ಕರೆಗಳಲ್ಲಿ ಅರ್ಧ, "ಇವತ್ತು ತೊಗರಿ ರೇಟ್ ಎಷ್ಟದ್ರಿ?" ಎಂಬವು. ಉಳಿದವುಗಳಲ್ಲಿ ಬಹುಪಾಲು, "ತೊಗರಿಗೆ ಹುಳ ಬಿದ್ದದ, ಏನ್ ಹೊಡಿಬೇಕ್ರಿ?" ಎಂಬವು. ಬೇಳೆ ಬೇಕೆಂದವರು ಇಬ್ಬರೋ ಮೂವರೋ.

ತಪ್ಪು ಎಲ್ಲಿ ಆಯಿತೆಂದು ಆ ರಾತ್ರಿ ಕುಳಿತು ನೋಡಿದೆ. ಜಾಹೀರಾತಿನ ಲೆಕ್ಕದ ಪುಟದಲ್ಲಿ, ಜನ ನಿಜವಾಗಿ ಏನೆಂದು ಬರೆದು ಹುಡುಕಿದರು ಎಂಬುದರ ಪಟ್ಟಿಯೊಂದು ಇರುತ್ತದೆ. ಅದನ್ನು ಮೊದಲ ವಾರದಲ್ಲಿಯೇ ತೆರೆದು ನೋಡಬೇಕಿತ್ತು. ನಾನು ನೋಡಿದ್ದು ನಾಲ್ಕನೆಯ ವಾರದಲ್ಲಿ. ನಮ್ಮ ಜನರಲ್ಲಿ ಬಹಳ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಾರೆ. ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರ ಒತ್ತಿದರೆ ಅದು ಬೇಳೆಯೂ ಹೌದು, ಬೆಲೆಯೂ ಹೌದು, ಬೆಳೆಯೂ ಹೌದು. ಹ್ರಸ್ವ ದೀರ್ಘಗಳ ಭೇದವೂ ಲಕಾರ ಳಕಾರಗಳ ಭೇದವೂ ಅಲ್ಲಿ ಅಳಿಸಿಹೋಗುತ್ತವೆ. ಒಲೆಯ ಮುಂದಿರುವ ತಾಯಿ, ಎ.ಪಿ.ಎಂ.ಸಿ.ಗೆ ಗಾಡಿ ಹೂಡಲು ಹೊರಟ ರೈತ, ಹೊಲದಲ್ಲಿ ಕಾಯಿಕೊರಕವನ್ನು ಕಂಡು ಗಾಬರಿಯಾದ ರೈತ, ಈ ಮೂವರೂ ಒಂದೇ ಮಾತನ್ನು ಬರೆಯುತ್ತಾರೆ. ನಾನು ಮೂವರನ್ನೂ ಒಂದೇ ಬಾಗಿಲಿಗೆ ಕರೆತಂದಿದ್ದೆ!

ವಿಚಿತ್ರವೆಂದರೆ, ನಮ್ಮ ಕಡೆಯ ಬಾಯಿಮಾತಿನಲ್ಲಿ ಈ ಗೊಂದಲವೇ ಇಲ್ಲ. ಬ್ಯಾಳಿ ಬೇರೆ, ಧಾರಣಿ ಬೇರೆ, ಬೆಳಿ ಬೇರೆ. ಯಾವ ಮುದುಕಿಯೂ ಇವನ್ನು ಕಲಸಿಕೊಳ್ಳಲಾರಳು. ಕಲಸಿದ್ದು ಬೆರಳಿನ ತುದಿಯ ಕೀಲಿಮಣೆ.

ಇದನ್ನು ಸರಿಪಡಿಸುವ ಉಪಾಯ ಕಷ್ಟದ್ದಲ್ಲ. 'ರೇಟ್', 'ಇವತ್ತು', 'ಮಾರ್ಕೆಟ್', 'ಹುಳ', 'ರೋಗ', 'ಔಷಧ' ಎಂಬ ಮಾತುಗಳು ಹುಡುಕಾಟದಲ್ಲಿ ಸೇರಿದ್ದರೆ ಜಾಹೀರಾತನ್ನು ತೋರಿಸಬೇಡ ಎಂದು ಹೇಳಿಡಬಹುದು; ಅದಕ್ಕೆ ಬೇರೆಯೇ ಒಂದು ಪಟ್ಟಿ ಉಂಟು. ಬೇಳೆ ಎಂಬುದರ ಜೊತೆಗೆ 'ಒಂದು ಕಿಲೋ', 'ಐದು ಕಿಲೋ', 'ಪಾಕೀಟು' ಮುಂತಾದ ಅಡಿಗೆಮನೆಯ ಮಾತುಗಳನ್ನು ಸೇರಿಸಬಹುದು. ಹಾಗೆ ಮಾಡಿದೆವು. ಖರ್ಚು ಇಳಿಯಿತು. ಆದರೆ ಸಾಹುಕಾರರು ನನಗಿಂತ ಜಾಣರು. "ಅಲ್ರೀ, ಧಾರಣಿ ಕೇಳಿ ಫೋನ್ ಮಾಡಿದವ ರೈತ. ಅವನ ತೊಗರಿನೇ ನನಗ ಬೇಕಾದದ್ದು. ಅವನ್ನ ಯಾಕ ಹೊರಗ ಹಾಕ್ತೀರಿ?" ಎಂದರು. ಮಿಲ್ಲಿಗೆ ಬೇಳೆ ಕೊಳ್ಳುವವನು ಎಷ್ಟು ಬೇಕೋ ಕಾಳು ಮಾರುವವನೂ ಅಷ್ಟೇ ಬೇಕು. ಅಂದಿನಿಂದ ದಿನವೂ ಬೆಳಿಗ್ಗೆ ಅವರೇ ತಮ್ಮ ದನಿಯಲ್ಲಿ ಆ ದಿನದ ಧಾರಣೆಯನ್ನು ಅರ್ಧ ನಿಮಿಷ ಹೇಳಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಹುಳದ ಪ್ರಶ್ನೆ ಬಂದರೆ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಶಹಾಪುರದ ಹತ್ತಿರದ ಭೀಮರಾಯನಗುಡಿಯ ಕೃಷಿ ಕಾಲೇಜನ್ನೋ ವಿಚಾರಿಸಿರೆಂದು ಹೇಳಿಬಿಡುತ್ತಾರೆ. ತಮಗೆ ಗೊತ್ತಿಲ್ಲದ ಔಷಧವನ್ನು ಹೇಳುವುದಿಲ್ಲ. ಇದೂ ಒಂದು ಜಾಹೀರಾತೇ.

ಡಿಜಿಟಲ್ ಮಾರ್ಕೆಟಿಂಗ್ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅದನ್ನೇ ಉದ್ಯೋಗ ಮಾಡಿಕೊಂಡ ತರುಣರು ಈಗ ನಮ್ಮ ಊರುಗಳಲ್ಲಿಯೂ ಇದ್ದಾರೆ. ಅದು ಹೊಸ ವಿದ್ಯೆಯೆಂದು ಅಂಜುವವರಿಗೆ ನಾನು ಹೇಳುವುದಿಷ್ಟೆ: ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದವನಿಗೆ ಯಾವ ಓಣಿಯಲ್ಲಿ ಯಾವಾಗ ಜನ ಮನೆಯಲ್ಲಿರುತ್ತಾರೆ ಎಂಬುದು ಗೊತ್ತಿತ್ತು. ಅದು ಗೊತ್ತಿಲ್ಲದವನು ಎಷ್ಟು ಜೋರಾಗಿ ಬಾರಿಸಿದರೂ ವ್ಯರ್ಥ. ನಮ್ಮ ರೇಡಿಯೋವೂ ಈ ಹಾದಿಯಲ್ಲಿ ನಡೆದದ್ದೇ. 'ಆಕಾಶವಾಣಿ' ಎಂಬ ಹೆಸರು ೧೯೩೫ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ನಡೆಸಿದ ಕೇಂದ್ರದೊಡನೆ ಬಂತು. ವಿವಿಧ ಭಾರತಿಯಲ್ಲಿ ವ್ಯಾಪಾರದ ಜಾಹೀರಾತು ಬಂದದ್ದು ೧೯೬೭ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ೧೯೬೬ರಲ್ಲಿ, ನಮ್ಮ ಗುಲಬರ್ಗಾದ ಕೇಂದ್ರ ಆರಂಭವಾಗಿತ್ತು. ಹೊಲದಲ್ಲಿ ಕೆಲಸ ಮಾಡುವವನಿಗೆ ಓದಲು ಬರಲಿ ಬಾರದಿರಲಿ, ಕಿವಿ ಇದ್ದೇ ಇರುತ್ತದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಗುಲಬರ್ಗಾ ಎಂದೆನಲ್ಲ, ೨೦೧೪ರ ನವೆಂಬರ್ ಒಂದರಿಂದ ಆ ಊರು ಕಲಬುರಗಿ. ಹನ್ನೆರಡು ಊರುಗಳ ಹೆಸರು ಅಂದು ಬದಲಾದವು. ಬೋರ್ಡುಗಳು ಬದಲಾದರೂ ಜನರ ಬೆರಳು ಬದಲಾಗಿಲ್ಲ. ಹೊರಗಿನವರು ಇನ್ನೂ ಹಳೆಯ ಹೆಸರನ್ನೇ ಬರೆದು ಹುಡುಕುತ್ತಾರೆ. ಯಾವ ಹೆಸರನ್ನು ಎಷ್ಟು ಜನ ಹುಡುಕುತ್ತಾರೆಂಬುದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವ ಸಾಧನವೊಂದನ್ನು ಗೂಗಲ್ ಸಂಸ್ಥೆ ೨೦೦೬ರಿಂದ ಪುಕ್ಕಟೆಯಾಗಿ ಕೊಡುತ್ತ ಬಂದಿದೆ. ಟ್ರೆಂಡ್ಸ್ ಎಂದು ಅದರ ಹೆಸರು. ಒಂದು ಅಂಗಡಿಯ ಜಾಹೀರಾತಿಗೆ ಕೈಹಾಕುವ ಮೊದಲು ನಾನು ಈಗ ಹತ್ತು ನಿಮಿಷ ಅಲ್ಲಿ ಕೂಡುತ್ತೇನೆ. ಹಬ್ಬ ಯಾವಾಗ, ಯಾವ ಪದಾರ್ಥವನ್ನು ಯಾವ ತಿಂಗಳಲ್ಲಿ ನೆನೆಯುತ್ತಾರೆ ಎಂಬುದು ಅಲ್ಲಿ ಗೆರೆಯೆಳೆದಂತೆ ಕಾಣುತ್ತದೆ.

ನಮ್ಮ ಮೂರು ಊರುಗಳ ಹೆಸರಿನ ತಾಪತ್ರಯವಂತೂ ದೊಡ್ಡದು. ೨೦೦೯ರ ಡಿಸೆಂಬರ್ ೩೦ರಂದು ಯಾದಗಿರಿ ಬೇರೆ ಜಿಲ್ಲೆಯಾದಾಗ ಇದ್ದ ತಾಲ್ಲೂಕುಗಳು ಇವೇ ಮೂರು: ಯಾದಗಿರಿ, ಶಹಾಪುರ, ಸುರಪುರ. ಗುರುಮಠಕಲ್, ಹುಣಸಗಿ, ವಡಗೇರಾ ಆಮೇಲೆ ಸೇರಿದವು. ಯಾದಗಿರಿಯೆಂದು ಹುಡುಕಿದವನಿಗೆ ತೆಲಂಗಾಣದ ಯಾದಗಿರಿಗುಟ್ಟದ ನರಸಿಂಹಸ್ವಾಮಿಯೂ ಎದುರಾಗುತ್ತಾನೆ. ಶಹಾಪುರವೆಂದರೆ ಬೆಳಗಾವಿಯಲ್ಲೊಂದು ಶಹಾಪುರ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೊಂದು ಶಹಾಪುರ, ಉತ್ತರದಲ್ಲಿ ಲೆಕ್ಕವಿಲ್ಲದಷ್ಟು. ಇನ್ನು ಸುರಪುರಕ್ಕೆ ಹೆಸರು ಒಂದೇ ಆದರೂ ಬರೆಯುವ ಬಗೆ ಹಲವು. ಅಲ್ಲಿ ರಾಜಕೀಯ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಬರೆದ ಹಳೆಯ ಕಾಗುಣಿತ ಒಂದು, ಸರಕಾರಿ ಕಾಗದದ ಶೋರಾಪುರ ಮತ್ತೊಂದು, ನಾವು ಆಡುವ ಸುರಪುರ ಇನ್ನೊಂದು. ಟೇಲರನ ಮಂಜಿಲ್ ನೋಡಲು ಬರುವ ಪರವೂರಿನವನು ಪುಸ್ತಕದಲ್ಲಿ ಓದಿದ ಕಾಗುಣಿತವನ್ನೇ ಬರೆಯುತ್ತಾನೆ. ನಮ್ಮ ಖಾನಾವಳಿಯವನು ಬೇರೆ ಕಾಗುಣಿತವನ್ನು ಬರೆದಿರುತ್ತಾನೆ. ಇಬ್ಬರೂ ಒಂದೇ ಬೀದಿಯಲ್ಲಿದ್ದರೂ ಒಬ್ಬರಿಗೊಬ್ಬರು ಕಾಣರು.

ಆದ್ದರಿಂದ ಈ ಉದ್ಯೋಗದವರು ಕಲಿಯಬೇಕಾದ ಮೊದಲನೆಯ ಸಾಧನ ಚಿತ್ರ ಬಿಡಿಸುವುದಲ್ಲ, ಹಾಡು ಕಟ್ಟುವುದಲ್ಲ. ನಕ್ಷೆಯಲ್ಲಿ ಅಂಗಡಿಯನ್ನು ಅದರ ಜಾಗದಲ್ಲಿ ಕೂರಿಸುವುದು. ಗೂಗಲ್ಲಿನ ನಕ್ಷೆಯಲ್ಲಿ ಅಂಗಡಿಯ ವಿವರ ಬರೆಸಲು ಕಾಸು ಕೊಡಬೇಕಾಗಿಲ್ಲ. ಮಾಲೀಕ ನಾನೇ ಎಂದು ತೋರಿಸಲು ಅಂಗಡಿಯ ಬೋರ್ಡು, ಬೀದಿ, ಒಳಗಿನ ಗಲ್ಲೆ ಎಲ್ಲ ಕಾಣುವಂತೆ ಒಂದು ವಿಡಿಯೋ ಕಳಿಸಬೇಕಾದೀತು. ಅಂಗಡಿಯ ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರನ್ನು ಮಾತ್ರ ಬರೆಯಬೇಕು. ಕೆಲವರು ಅಲ್ಲಿಯೇ ಊರಿನ ಹೆಸರು, ಸರಕಿನ ಹೆಸರು, 'ಅತ್ಯುತ್ತಮ' ಎಂಬ ಬಿರುದು ಎಲ್ಲ ತುರುಕುತ್ತಾರೆ. ಅದು ನಿಯಮಕ್ಕೆ ವಿರೋಧ, ಹೆಸರೇ ಅಳಿದುಹೋಗುವ ಸಂಭವ ಉಂಟು. ಊರಿನ ಬೇರೆ ಬೇರೆ ಕಾಗುಣಿತಗಳನ್ನು ಕೆಳಗಿನ ವಿವರಣೆಯಲ್ಲಿ ಸಹಜವಾದ ವಾಕ್ಯವಾಗಿ ಬರೆದರಾಯಿತು. "ಸುರಪುರಕ್ಕೆ ರೈಲಿಲ್ಲ, ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿಯಿರಿ" ಎಂಬ ಒಂದು ಸಾಲು ಸೇರಿಸಿದರೆ ಬರುವವರಿಗೆ ಅದೇ ದೊಡ್ಡ ಉಪಕಾರ. ಜಿಲ್ಲೆಯ ವಿಳಾಸವೂ ಅದರಲ್ಲಿ ತಾನಾಗಿ ಬಂದುಬಿಡುತ್ತದೆ. ಬೆಳಗಾವಿಗೆ ಹೋಗಿ ಹುಡುಕುವವರು ಆಗ ಕಡಿಮೆಯಾಗುತ್ತಾರೆ.

ಇನ್ನೊಂದು ಮಾತು. ಹಳೆಯ ಕನ್ನಡ ಫಾಂಟುಗಳಲ್ಲಿ ಬರೆದ ಅಕ್ಷರ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಗೀಚು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಜಾಗ ದೊರೆತಿದ್ದರೂ ನಮ್ಮ ಎಷ್ಟೋ ಕರಪತ್ರಗಳು ಇನ್ನೂ ಹಳೆಯ ಫಾಂಟಿನಲ್ಲಿ ಅಚ್ಚಾಗಿ, ಅದರ ಫೋಟೋವೇ ಜಾಲಕ್ಕೂ ಏರುತ್ತದೆ. ಅಂಥದ್ದರಲ್ಲಿ ಬರೆದ ಅಂಗಡಿಯ ಹೆಸರು ಹುಡುಕಿದರೆ ಸಿಕ್ಕುವುದು ಅಪರೂಪ. ಚಿತ್ರ ಹಾಕಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ಅದೇ ಮಾತನ್ನು ಯೂನಿಕೋಡಿನಲ್ಲಿ ಮತ್ತೊಮ್ಮೆ ಬರೆಯಿರಿ.

ಈಗ ಸುರಪುರದ ಚಿತ್ರಕಲೆಯ ಮಾತು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಈ ಸಣ್ಣ ಅಳತೆಯ ಚಿತ್ರಗಳು, ಗರುಡಾದ್ರಿ ಮನೆತನದವರ ಹೆಸರು, ಹೊಳೆಯುವ ಬಂಗಾರದ ಲೇಪ, ಇವನ್ನು ಬಲ್ಲವರು ಬಲ್ಲರು. ೧೮೫೮ರಲ್ಲಿ ರಾಜಾ ವೆಂಕಟಪ್ಪ ನಾಯಕರ ದುರಂತದೊಡನೆ ಸಂಸ್ಥಾನ ಮುಗಿಯಿತು, ಕಲೆಗೆ ಅರಸನಿಲ್ಲವಾದ. ಇಂದು ಈ ಶೈಲಿಯಲ್ಲಿ ಬರೆಯುವವರಿಗೆ ಗಿರಾಕಿ ಬೇಕು. ಗಿರಾಕಿ ಸುರಪುರದಲ್ಲಿಲ್ಲ, ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಹೊರದೇಶದಲ್ಲಿಯೋ ಇದ್ದಾನೆ.

ಅಲ್ಲಿನ ತರುಣ ಚಿತ್ರಕಾರನೊಬ್ಬ ನನ್ನ ಹತ್ತಿರ ಬಂದಿದ್ದ. ಎರಡು ತಿಂಗಳು ಕಣ್ಣು ನೋಯಿಸಿಕೊಂಡು ಬರೆದ ಚಿತ್ರವನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಫೋನಿನ ಮಿಂಚುದೀಪ ಹಾಕಿ ಫೋಟೋ ತೆಗೆದಿದ್ದಾನೆ. ಬಂಗಾರವೆಲ್ಲ ಅರಿಶಿಣವಾಗಿದೆ, ನಡುವೆ ಬಿಳಿಯ ಚುಕ್ಕೆ. ಗೆಳೆಯನೊಬ್ಬನ ಮಾತು ಕೇಳಿ ಬಣ್ಣವನ್ನು ಫೋನಿನಲ್ಲಿಯೇ ಏರಿಸಿದ್ದಾನೆ. ಅದನ್ನು ನೋಡಿ ಕೊಂಡವರು, ಕೈಗೆ ಬಂದ ಚಿತ್ರದ ಬಣ್ಣ ಬೇರೆಯೆಂದು ಹಿಂದಿರುಗಿಸಿದ್ದರು. ಚಿತ್ರ ಕೆಟ್ಟದ್ದಲ್ಲ, ಫೋಟೋ ಸುಳ್ಳು ಹೇಳಿತ್ತು. ಆ ಎರಡು ತಿಂಗಳ ಮೇಲೆ ಅವನ ಮನೆಯ ಬಾಡಿಗೆ ನಿಂತಿತ್ತು. "ಬೆಂಗಳೂರಿಗೆ ಹೋಗಿ ಪೇಂಟಿಂಗ್ ಕಂಟ್ರಾಕ್ಟಿನ ಕೆಲಸ ಹಿಡಿತೀನ್ರೀ, ಗೋಡೆಗಾದ್ರೂ ಬಣ್ಣ ಹಚ್ತೀನಿ" ಎಂದ. ತಮಾಷೆಗೆ ಹೇಳಿದ ಮಾತಲ್ಲ ಅದು.

ಅವನಿಗೆ ನಾವು ಮಾಡಿಕೊಟ್ಟ ಏರ್ಪಾಟು ಇಷ್ಟು. ಬೆಳಿಗ್ಗೆ ಬಾಗಿಲ ಒಳಗಡೆ, ಬಿಸಿಲು ನೇರ ಬೀಳದ ಕಡೆ ಬಿಳಿಯ ಬಟ್ಟೆಯ ಮೇಲೆ ಚಿತ್ರವನ್ನಿಡುವುದು. ಮಿಂಚುದೀಪ ಬೇಡ. ಫೋನು ಚಿತ್ರಕ್ಕೆ ಸಮನಾಗಿರಲಿ, ವಾರೆಯಾದರೆ ಚೌಕಟ್ಟು ಸೊಟ್ಟಗಾಗುತ್ತದೆ. ಮೊದಲನೆಯ ಫೋಟೋ ಇಡಿಯಾಗಿ. ಎರಡನೆಯದು ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು, ಅಳತೆ ತಿಳಿಯುವಂತೆ. ಮೂರನೆಯದು ಮುಖದ ಕುಸುರಿಯನ್ನು ಹತ್ತಿರದಿಂದ. ಬಂಗಾರ ಮಾತ್ರ ನಿಂತ ಫೋಟೋದಲ್ಲಿ ಹೊಳೆಯುವುದಿಲ್ಲ. ಅದಕ್ಕೆ ಚಿತ್ರವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡುವ ಹತ್ತು ಸೆಕೆಂಡಿನ ವಿಡಿಯೋ ಬೇಕು. ಬೆಳಕು ಅದರ ಮೇಲೆ ಹಾಯುವುದನ್ನು ಕಂಡವನಿಗೆ ಬೇರೆ ವರ್ಣನೆ ಬೇಕಾಗುವುದಿಲ್ಲ. ಸರಕಿನ ಪಟ್ಟಿಯನ್ನಿಡಲು ವಾಟ್ಸಾಪಿನ ವ್ಯಾಪಾರಿ ಆವೃತ್ತಿಯಲ್ಲಿ ಜಾಗವಿದೆ. ೨೦೧೮ರಿಂದ ಆ ಆವೃತ್ತಿ ಬಳಕೆಯಲ್ಲಿದೆ. ಪ್ರತಿ ಚಿತ್ರಕ್ಕೂ ಅಳತೆ, ಬೆಲೆ, ಬರೆದ ವರ್ಷ ಹಾಕಿಸಿದೆ. ಬರೆದ ವರ್ಷವನ್ನು ಹಾಕುವುದು ಮುಖ್ಯ. ಹಳೆಯ ಶೈಲಿಯ ಹೊಸ ಚಿತ್ರವನ್ನು ಹಳೆಯ ಚಿತ್ರವೆಂದು ಭಾವಿಸಿ ಕೊಳ್ಳುವವರಿದ್ದಾರೆ. ಹಾಗೆ ಭಾವಿಸಲು ಬಿಡುವುದು ಮೋಸ.

ಆಮೇಲೆ ಒಂದು ಹೊಸ ಉಪಾಯ. ಮುಗಿದ ಚಿತ್ರವನ್ನು ಒಂದು ದಿನ ತೋರಿಸುವ ಬದಲು, ಬರಿಯ ಹಾಳೆಯಿಂದ ಆರಂಭಿಸಿ ಕೆಲಸ ಹೇಗೆ ಸಾಗುತ್ತದೋ ಹಾಗೆಯೇ ದಿನಕ್ಕೊಂದು ತುಣುಕು ತೋರಿಸುವುದು. ಕುಂಚ ಕೆಟ್ಟ ದಿನ ಕುಂಚ ಕೆಟ್ಟಿತೆಂದೇ ಹೇಳುವುದು. ಮೂರನೆಯ ವಾರದಲ್ಲಿ ಒಬ್ಬರು, ಚಿತ್ರ ಮುಗಿಯುವ ಮೊದಲೇ, "ಇದು ನನಗಿರಲಿ" ಎಂದು ಮುಂಗಡ ಕಳಿಸಿದರು. ಬೆಂಗಳೂರಿನ ಗೋಡೆಗಳು ಸದ್ಯಕ್ಕೆ ಕಾಯುತ್ತಿವೆ.

ಬೇಡಿಕೆಯಂತೆ ಚಿತ್ರ ಬರೆದುಕೊಡುವ ಯಂತ್ರಗಳು ಈಗ ಬಂದಿವೆ. ಸುರಪುರದ ಶೈಲಿಯ ಚಿತ್ರ ಬೇಕೆಂದು ಒಂದಕ್ಕೆ ಹೇಳಿ ನೋಡಿದೆ. ರಾಜಸ್ಥಾನದ ಜರೋಖಾ, ಮೊಗಲರ ಪೇಟ, ಯಾವ ಊರಿನದೋ ತಿಳಿಯದ ಕೃಷ್ಣ ಬಂದರು. ಅದನ್ನು ನಿಜವಾದ ಚಿತ್ರಕಾರನ ಜಾಹೀರಾತಿಗೆ ಹಾಕುವುದೆಂದರೆ ಅವನ ಅನ್ನಕ್ಕೆ ಕಲ್ಲು ಹಾಕಿದಂತೆ. ಹಬ್ಬದ ಶುಭಾಶಯಕ್ಕೆ, ಬೆಲೆಪಟ್ಟಿಗೆ, ಕ್ಯಾನ್ವಾದಂಥ ಸಾಧನದಲ್ಲಿ ಸಿದ್ಧವಾದ ಮಾದರಿಗಳು ಸಾಕು. ಅಕ್ಷರ ದೊಡ್ಡದಾಗಿರಲಿ, ಬಣ್ಣ ಎರಡು ಮೂರಕ್ಕೆ ಮೀರದಿರಲಿ. ಮಾತು ಬರೆದುಕೊಡುವ ಯಂತ್ರಗಳ ಕತೆಯೂ ಇದೇ. ಇಂಗ್ಲಿಷ್ ಕಾಗದವನ್ನು ತಿದ್ದಿಸಲು, ಕಲ್ಪನೆ ಬತ್ತಿದ ದಿನ ಹತ್ತು ವಿಚಾರ ಕೇಳಲು ಒಳ್ಳೆಯವು. ಆದರೆ ರೊಟ್ಟಿಯ ಮೇಲೆ ಬರೆಯೆಂದರೆ "ನಿಮ್ಮ ರುಚಿಯೇ ನಮ್ಮ ಬದ್ಧತೆ" ಎಂದು ಬರೆಯುತ್ತವೆ. ಶಹಾಪುರದ ಸಂತೆಯಲ್ಲಿ ಯಾರಾದರೂ ಹೀಗೆ ಮಾತಾಡಿದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿಯಾರು.

ರೊಟ್ಟಿಯ ಮಾತು ಬಂತು. ಶಹಾಪುರದ ತಾಯಿಯೊಬ್ಬರು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಾರೆ. ೨೦೧೧ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಅರ್ಧಕ್ಕಿಂತ ಸ್ವಲ್ಪ ಮೇಲೆ, ರಾಜ್ಯಕ್ಕೆಲ್ಲ ಕೊನೆಯದು. ಈ ತಾಯಿಗೂ ಓದು ಬಾರದು. "ನನಗ ಏನೂ ಬರಂಗಿಲ್ಲಪ್ಪ" ಎಂದು ಮೊದಲು ಹಿಂದೆ ಸರಿದರು. "ಯವ್ವಾ, ಬರಿಯೋದು ಬ್ಯಾಡ, ಮಾತಾಡು" ಎಂದು ಅವರ ಮಗನೇ ಫೋನು ಹಿಡಿದ. ಅವರು ಆಡಿದ್ದು ಮೂರೇ ಮಾತು: "ಎಳ್ಳ ಅಮಾಸಿ ಬಂತ್ರೆಪ್ಪ. ಊರಿಗೆ ಬರ್ಲಿಕ್ಕೆ ಆಗಂಗಿಲ್ಲಂದ್ರ ರೊಟ್ಟಿನಾರ ಕಳಸ್ತೀನಿ. ಯಾರಿಗೆ ಎಷ್ಟು ಬೇಕು ಹೇಳ್ರಿ." ಹಿಂದೆ ತವೆಯ ಸದ್ದು, ರೊಟ್ಟಿ ಬಡಿಯುವ ಸದ್ದು.

ಆ ದನಿಯ ತುಣುಕು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಯಿತು. ನಮ್ಮ ಜಿಲ್ಲೆಯಿಂದ ಗುಳೆ ಹೋದವರು, ಬೆಂಗಳೂರಿನಲ್ಲಿ ಮನೆ ಕಟ್ಟುವ ಕೆಲಸದಲ್ಲಿರುವವರು, ಅಲ್ಲಿಯೇ ಓದಿ ನೌಕರಿ ಹಿಡಿದವರು ಎಷ್ಟು ಮಂದಿ! ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಣ್ಣಲಾರದವನ ಸಂಕಟ ಅವನಿಗೇ ಗೊತ್ತು. ಇಂಥ ಜಾಹೀರಾತು ಅಮಾವಾಸ್ಯೆಗೆ ಹನ್ನೆರಡು ಹದಿನೈದು ದಿನ ಮೊದಲು ಹೊರಡಬೇಕು. ರೊಟ್ಟಿ ಬಡಿಯಲು, ಒಣಗಿಸಲು, ಪಾರ್ಸೆಲ್ ಮುಟ್ಟಲು ದಿನ ಬೇಡವೆ? ಹಬ್ಬದ ಹಿಂದಿನ ದಿನ ಬಂದ ಬೇಡಿಕೆಯಿಂದ ಬೈಗುಳವಲ್ಲದೆ ಬೇರೆ ಲಾಭವಿಲ್ಲ. ಸಂಕ್ರಾಂತಿಯ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ, ತಿಂಥಣಿಯ ಮೌನೇಶ್ವರನ ಜಾತ್ರೆಗೆ ಇದೇ ಲೆಕ್ಕ. ಈ ಉದ್ಯೋಗದ ತರುಣರಿಗೆ ನಾನು ಪಂಚಾಂಗವನ್ನು ಮೇಜಿನ ಮೇಲಿಟ್ಟುಕೊಳ್ಳಿರೆಂದು ಹೇಳುತ್ತಿರುತ್ತೇನೆ, ಅವರು ನಗುತ್ತಾರೆ.

ರೊಟ್ಟಿಯ ಹಣ ಯು.ಪಿ.ಐ.ನಲ್ಲಿ ಬರುತ್ತದೆ. ಪಾಕೀಟಿನ ಮೇಲೆ ಆಹಾರ ಸುರಕ್ಷತಾ ಇಲಾಖೆಯ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಮನೆಯಲ್ಲಿ ಮಾಡಿ ಮಾರುವವರಿಗೂ ಇದು ತಪ್ಪದು, ಮೊದಲೇ ಮಾಡಿಸಿಡುವುದು ಮೇಲು. ಹಾಗೆಯೇ ದಾಲ್‌ಮಿಲ್ಲಿನವರು ನೆನಪಿಡಬೇಕಾದದ್ದೊಂದುಂಟು. ಗುಲಬರ್ಗಾ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಗುರುತನ್ನು ಪಾಕೀಟಿಗೆ ಹಚ್ಚಲು ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಳ್ಳಬೇಕು. ಪಕ್ಕದ ಅಂಗಡಿಯವನು ಹಚ್ಚಿದ್ದಾನೆಂದು ನಾವೂ ಹಚ್ಚುವಂತಿಲ್ಲ.

ಫೋನು ನಂಬರುಗಳ ಪಟ್ಟಿಯನ್ನು ಮಾರುವವರು ನಿಮ್ಮಲ್ಲಿಗೂ ಬಂದಾರು. ಹತ್ತು ಸಾವಿರ ನಂಬರು ಇಷ್ಟು ರೂಪಾಯಿಗೆ ಎನ್ನುತ್ತಾರೆ. ಕೊಳ್ಳಬೇಡಿರಿ. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಒತ್ತಟ್ಟಿಗಿರಲಿ, ವ್ಯಾಪಾರದ ದೃಷ್ಟಿಯಿಂದಲೂ ಅದು ನಷ್ಟ. ವಾಟ್ಸಾಪಿನ ಪ್ರಸಾರಪಟ್ಟಿಯಿಂದ ಕಳಿಸಿದ ಸುದ್ದಿ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಮುಟ್ಟುತ್ತದೆ. ನೀವು ಯಾರೆಂದು ತಿಳಿಯದ ಹತ್ತು ಸಾವಿರ ಮಂದಿಗಿಂತ, ನಿಮ್ಮ ಹೆಸರನ್ನು ಬರೆದಿಟ್ಟುಕೊಂಡ ನೂರು ಮಂದಿ ಹೆಚ್ಚು. ಗಲ್ಲೆಯ ಹತ್ತಿರ ಕ್ಯೂ.ಆರ್. ಚೌಕವೊಂದನ್ನು ಅಂಟಿಸಿ, "ಧಾರಣಿ ತಿಳ್ಕೊಬೇಕಂದ್ರ ಇದನ್ನ ಹೊಡೀರಿ" ಎಂದು ಬರೆದರೆ ಬೇಕಾದವರು ತಾವೇ ಸೇರುತ್ತಾರೆ. ನಮ್ಮ ಸಾಹುಕಾರರ ಮಿಲ್ಲಿನಲ್ಲಿ ತೂಕದ ಕಾಟಾದ ಪಕ್ಕದಲ್ಲಿಯೇ ಅದನ್ನು ಅಂಟಿಸಿದೆವು. ಚೀಲ ತೂಗುವ ತನಕ ರೈತನಿಗೆ ನೋಡಲು ಬೇರೆ ಏನಿರುತ್ತದೆ?

ಕಳೆದ ಸುಗ್ಗಿಯಲ್ಲಿ ಸಾಹುಕಾರರ ತಂಗಿಯ ಮಗನ ಮದುವೆ. ಆ ದಿನ ಬೆಳಿಗ್ಗೆ ಧಾರಣೆ ಹೇಳುವುದು ಅವರಿಗೆ ಮರೆತೇ ಹೋಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಮಂಟಪದಲ್ಲಿ ಫೋನು ಬಿಡುವಿಲ್ಲದೆ ಬಡಿಯತೊಡಗಿತಂತೆ: "ಸಾವ್ಕಾರ್ರ, ಇವತ್ತಿಂದು ಯಾಕ ಬಂದಿಲ್ರೀ? ಆರಾಮ ಇದ್ದೀರಿಲ್ಲ?" ಅವರು ಪಕ್ಕಕ್ಕೆ ಸರಿದು ಅಡತಿಯವನನ್ನು ಕೇಳಿ ಧಾರಣೆ ಹೇಳಿ ಕಳಿಸಿದರು. ಆ ದಿನದ ಸುದ್ದಿಯಲ್ಲಿ ತೊಗರಿಯ ಧಾರಣೆಯ ಹಿಂದೆ ಬ್ಯಾಂಡಿನ ಸದ್ದೂ ಕೇಳಿಸುತ್ತದೆ.